ಗೋಡೆ ಬೋಳಾಯಿತು, ಹೋಟೆಲಲ್ಲಿ ಗದ್ದಲ ಶುರುವಾಯಿತು

ಮೊನ್ನೆ ಗೆಳೆಯನ ಜೊತೆ ಹೊಸ ಹೋಟೆಲಿಗೆ ಊಟಕ್ಕೆ ಹೋಗಿದ್ದೆ. ಗಾಜಿನ ಗೋಡೆ, ಕಾಂಕ್ರೀಟ್ ನೆಲ, ಪೈಪುಗಳೆಲ್ಲ ಎದ್ದು ಕಾಣುವ ಸೂರು. ನೋಡೋಕೆ ಚೆಂದ. ಆದರೆ ಎದುರಿಗೇ ಕೂತವನಿಗೆ "ಉಪ್ಪು ಕೊಡು" ಅನ್ನಲು ಎರಡು ಸಲ ಕಿರುಚಬೇಕಾಯಿತು.

ಇದಕ್ಕೆಲ್ಲ ಮಾಡರ್ನಿಸ್ಟ್ ವಾಸ್ತುಶಿಲ್ಪವೇ, ಅಂದರೆ ಅಲಂಕಾರ ಬಿಟ್ಟು ಬೋಳಾಗಿ ಕಟ್ಟುವ ಶೈಲಿಯೇ ಕಾರಣ ಅಂತ ನಾನೂ ಬೈಯುತ್ತಿದ್ದೆ. ಕಥೆ ಶುರುವಾಗುವುದೇನೋ ಅಲ್ಲಿಂದಲೇ. 1899ರಲ್ಲಿ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ವಿಯೆನ್ನಾದ ಕೆಫೆ ಮ್ಯೂಸಿಯಂನ ಒಳಾಂಗಣ ಮಾಡಿದ. ಅಲಂಕಾರಕ್ಕೆ ಮರುಳಾದ ಆ ಊರಿನವರಿಗೆ ಅದು ಎಷ್ಟು ಬೋಳಾಗಿ ಕಂಡಿತೆಂದರೆ, 'ಕೆಫೆ ನಿಹಿಲಿಸಂ' ಅಂತ ಅಡ್ಡಹೆಸರು ಬಿತ್ತು, ಅಂದರೆ ಏನನ್ನೂ ನಂಬದವರ ಕೆಫೆ!

ಆದರೆ 1927ರಲ್ಲಿ ಬರ್ಲಿನ್‌ನ ಒಂದು ಫ್ಯಾಷನ್ ಪ್ರದರ್ಶನಕ್ಕೆ ವಾಸ್ತುಶಿಲ್ಪಿ ಮೀಸ್ ವ್ಯಾನ್ ಡೆರ್ ರೋಹೆ ಮತ್ತು ವಿನ್ಯಾಸಕಿ ಲಿಲಿ ರೈಖ್ ಮಾಡಿದ ಕೆಫೆ ನೋಡಿ. ಗೋಡೆಯೇ ಇಲ್ಲ, ಉಕ್ಕಿನ ಕೊಳವೆಗಳಿಂದ ಇಳಿಬಿಟ್ಟ ಮಖಮಲ್ಲು ಮತ್ತು ರೇಷ್ಮೆ ಪರದೆಗಳು. ಅದು ರೇಷ್ಮೆ ಉದ್ಯಮದ ಪ್ರಚಾರಕ್ಕೆ ಮಾಡಿದ್ದು, ಒಪ್ಪುತ್ತೇನೆ. ಆದರೂ ಗಾಜು-ಉಕ್ಕಿನ ಮನುಷ್ಯ ಅಂತ ಹೆಸರಾದ ಮೀಸ್‌ಗೆ ಬಟ್ಟೆ ಕಂಡರೆ ಅಲರ್ಜಿ ಇರಲಿಲ್ಲ ಅಲ್ವಾ?

ಬಟ್ಟೆ ಸದ್ದು ಅಡಗಿಸುವ ಗುಟ್ಟು ಅಷ್ಟರಲ್ಲಾಗಲೇ ಗೊತ್ತಾಗಿತ್ತು. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಮಾತಿಗೆ ಡಿಕ್ಕಿ ಹೊಡೆದು ಏನೂ ಅರ್ಥವಾಗುತ್ತಿರಲಿಲ್ಲ. ಸರಿಮಾಡುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಯುವ ಮೇಷ್ಟರ ತಲೆಗೆ ಬಂತು. ಅವರು ರಾತ್ರಿ ಹೊತ್ತು ಹತ್ತಿರದ ಥಿಯೇಟರಿನ ಸೀಟಿನ ದಿಂಬುಗಳನ್ನು ಹೊತ್ತು ತಂದು, ಆರ್ಗನ್ ಪೈಪ್ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ದಿಂಬು ಜಾಸ್ತಿಯಾದಷ್ಟೂ ಸದ್ದು ಬೇಗ ಸತ್ತಿತು. ಗಟ್ಟಿ ಗೋಡೆ ಸದ್ದನ್ನು ವಾಪಸ್ ಎಸೆಯುತ್ತದೆ, ಮೆತ್ತನೆಯದು ಹೀರುತ್ತದೆ.

ಆಮೇಲೆ 1911ರಲ್ಲಿ ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ಇನ್ನೊಂದು ತೋರಿಸಿದರು: ಗದ್ದಲದಲ್ಲಿ ನಾವು ಗೊತ್ತಿಲ್ಲದೇ ದನಿ ಏರಿಸುತ್ತೇವೆ. ಒಂದು ಮೇಜಿನವರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಅದನ್ನು ಕೇಳಿ ಮೊದಲಿನವರು ಇನ್ನೂ ಜೋರು.

ಮುಂದಿನದು ದುಡ್ಡಿನ ಲೆಕ್ಕ. ಮೇಜುಬಟ್ಟೆ ಒಗೆಯಬೇಕು, ಕಾರ್ಪೆಟ್ಟಿಗೆ ಕಲೆ ಅಂಟುತ್ತದೆ, ಫಾಲ್ಸ್ ಸೀಲಿಂಗ್ ಖರ್ಚಿನ ಬಾಬ್ತು. ಹಳೇ ಗೋದಾಮುಗಳು ಹೋಟೆಲುಗಳಾದವು, ಅಡುಗೆಮನೆಯ ಗೋಡೆ ಬಿದ್ದು ಪಾತ್ರೆ ಸದ್ದೂ ಹೊರಗೆ ಬಂತು, ಮೇಜುಗಳು ಹತ್ತಿರ ಹತ್ತಿರವಾದವು. ಮಾಡರ್ನಿಸ್ಟರ ಬೋಳು ಗೋಡೆಯನ್ನು ಎಲ್ಲರೂ ಕಾಪಿ ಹೊಡೆದರು, ಮೀಸ್‌ನ ಪರದೆಯನ್ನು ಯಾರೂ ಕಾಪಿ ಮಾಡಲಿಲ್ಲ. ಮೇಲಿಂದ ಗದ್ದಲ ಇದ್ದರೆ ಹೋಟೆಲು ತುಂಬಿದಂತೆ ಕಾಣುತ್ತದೆ ಅಂತ ಸಂಗೀತ ಬೇರೆ.

ಮೇಜಿನ ಅಡಿಗೆ ದಪ್ಪ ಫೋಮ್ ಅಂಟಿಸಿದರೂ ಒಂದಿಷ್ಟು ಸದ್ದು ಹೀರಿಕೊಳ್ಳುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ, ಡಿಸೈನೂ ಕೆಡುವುದಿಲ್ಲ.