ಏಲಕ್ಕಿ ಜಗಿದಿದ್ದೆ, ವಾಸನೆಯೇ ಇರಲಿಲ್ಲ. ಕೇಸ್ ಬಿದ್ದುಹೋಗುತ್ತಾ?

ಪ್ರಶ್ನೆ: ಮೂಡಿಗೆರೆ ರಸ್ತೆಯಲ್ಲಿ ಡ್ರಿಂಕ್ ಅಂಡ್ ಡ್ರೈವ್ ಕೇಸ್ ಹಾಕಿದ್ದಾರೆ. ಏಲಕ್ಕಿ ಜಗಿದಿದ್ದರಿಂದ ಬಾಯಿ ಒಂಚೂರೂ ನಾರುತ್ತಿರಲಿಲ್ಲ. ಕೋರ್ಟಿನಲ್ಲಿ ಹೀಗೆ ಹೇಳಬಹುದಾ?

ಉತ್ತರ: ಈ ಸಲ ಏಲಕ್ಕಿ! ಹೋದ ಸಲದ ಪ್ರಶ್ನೆಯಲ್ಲಿ ಕಾಫಿಪುಡಿ, ಅದಕ್ಕೂ ಮುಂಚೆ ವೀಳ್ಯದೆಲೆ. ತೋಟದಲ್ಲಿ ಬೆಳೆಯುವುದೆಲ್ಲ ಆಯಿತು, ಇನ್ನು ಕಾಳುಮೆಣಸೊಂದು ಬಾಕಿ.

ಪೊಲೀಸರು ಊದಿಸುವ ಮೆಷಿನ್ನಿಗೆ ಮೂಗಿಲ್ಲ ಸ್ವಾಮಿ. ಕುಡಿದದ್ದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶದ ಗಾಳಿಗೆ ಬರುತ್ತದೆ. 'ಉದ್ದಕ್ಕೆ ಊದಿ' ಎನ್ನುವುದು ಎದೆಯಾಳದ ಆ ಗಾಳಿಗಾಗಿ. ಸೆನ್ಸರಿನ ಮೇಲೆ ಆಲ್ಕೋಹಾಲ್ ಆಮ್ಲಜನಕದೊಡನೆ ವರ್ತಿಸಿ ಚೂರು ಕರೆಂಟ್ ಹುಟ್ಟುತ್ತದೆ, ಅದೇ ಅಂಕಿಯಾಗುತ್ತದೆ. ಏಲಕ್ಕಿ ನಾಲಗೆ ಮೇಲೆ ಘಮಘಮಿಸುತ್ತದೆ, ರಕ್ತದಲ್ಲಿರುವುದನ್ನು ಮುಟ್ಟುವುದಿಲ್ಲ. ಸ್ಟ್ರಾಂಗ್ ಕಾಫಿ ಓಡಿಸುವುದು ನಿದ್ದೆಯನ್ನು, ಅಮಲನ್ನಲ್ಲ. ಮೌತ್‌ವಾಶ್ ಮುಕ್ಕಳಿಸುವವರು ಇನ್ನೂ ಜಾಣರು: ಕೆಲವದರಲ್ಲಿ ಆಲ್ಕೋಹಾಲೇ ಇರುತ್ತದೆ, ಅಂಕಿ ಏರಿ ಕೂರುತ್ತದೆ.

ತಮಾಷೆ ಎಂದರೆ, ವಾಸನೆ ಕಾನೂನಿಗೂ ಸಾಲದು. ವಾಸನೆ, ತೂರಾಟ, ತೊದಲು ಇಷ್ಟರಿಂದಲೇ ಕುಡಿದಿದ್ದ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕೇಳುವುದು ಅಂಕಿಯನ್ನು: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚಿದೆಯೇ?

ಹಾಗಾಗಿ ಏಲಕ್ಕಿ ಬಿಟ್ಟು ಪ್ರಿಂಟ್ ಚೀಟಿ ಹಿಡಿದು ಕೂರಿ. ಗಾಡಿ ನಂಬರು, ಸಮಯ, ಮೆಷಿನ್ ನಂಬರು ಸರಿಯಿವೆಯೇ? ಊದುವ ಮೊದಲು ಸೊನ್ನೆ ತೋರಿಸಿತ್ತೇ? ಆ ಮೆಷಿನ್ನಿನ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ಸರ್ಟಿಫಿಕೇಟ್ ಕೋರ್ಟಿಗೆ ತರಿಸಲು ವಕೀಲರಿಗೆ ಹೇಳಿ. ಕೊನೆಯ ಗುಟುಕಿಗೂ ಊದಿದ್ದಕ್ಕೂ 15 ನಿಮಿಷದ ಅಂತರವಿಲ್ಲದಿದ್ದರೆ ಬಾಯಲ್ಲುಳಿದದ್ದೂ ಲೆಕ್ಕಕ್ಕೆ ಸೇರಿರಬಹುದು. 34 ಬಂದವರಿಗೆ ಈ ವಾದದಲ್ಲಿ ಬಲವಿದೆ, 134 ಬಂದವರಿಗೆ ಕಷ್ಟ. ರಕ್ತ ತೆಗೆದಿದ್ದರೆ, ಚರ್ಮ ಒರೆಸಿದ್ದು ಸ್ಪಿರಿಟ್ಟಿನಿಂದಲಾ (ಅದೂ ಆಲ್ಕೋಹಾಲೇ), ಸೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಇತ್ತೇ ಎಂದು ಕೇಳಿಸಿ. ಅದಿಲ್ಲದಿದ್ದರೆ ರಕ್ತ ಸೀಸೆಯಲ್ಲೇ ಹುದುಗಬಹುದು.

ಅರೆಸ್ಟ್ ಮಾಡಿದರೆ 2 ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ನಿಮ್ಮನ್ನು ಬಿಡಬೇಕು. ಬಿಡುವುದು ನಿಮ್ಮನ್ನು, ಕೇಸನ್ನಲ್ಲ. ಊದಲ್ಲ ಎಂದು ಹಠ ಹಿಡಿದರೆ ಆ ಹಠವೇ ನಿಮ್ಮ ವಿರುದ್ಧ ಸಾಕ್ಷಿಗೆ ಬಲ ಕೊಡುತ್ತದೆ.

ದಂಡ ರಸ್ತೆಯಲ್ಲಿ ಕಟ್ಟುವಂಥದ್ದಲ್ಲ, ಕೋರ್ಟಿನಲ್ಲೇ. ಮೊದಲ ಸಲ 10,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಬೇಗ ಮುಗಿಯಲಿ ಎಂದು ತಪ್ಪೊಪ್ಪಿಕೊಂಡರೆ ಅದೂ ಅಪರಾಧ ಸಾಬೀತಾದ ಲೆಕ್ಕವೇ. ಮುಂದಿನ ಸಲ 15,000 ರೂ. ದಂಡ ಅಥವಾ 2 ವರ್ಷದವರೆಗೆ ಜೈಲು, ಅಲ್ಲೂ ಎರಡೂ ಆಗಬಹುದು.

ಇನ್ನು ಯಾರೂ ಕೇಳದ ಪ್ರಶ್ನೆ: ಬೆಳಗಿನ ಜಾವದ್ದು. ಹೋಂಸ್ಟೇಯಲ್ಲಿ ರಾತ್ರಿ 1 ಗಂಟೆಗೆ ಗ್ಲಾಸ್ ಕೆಳಗಿಟ್ಟಾಗ ರಕ್ತದಲ್ಲಿ 150 ಇತ್ತು ಅನ್ನಿ. ಲಿವರ್ ಇಳಿಸುವುದು ಗಂಟೆಗೆ ಸುಮಾರು 15. ಮುಳ್ಳಯ್ಯನಗಿರಿ ನೋಡಲು 5 ಗಂಟೆಗೆ ಗಾಡಿ ಸ್ಟಾರ್ಟ್ ಮಾಡುವಾಗ, ಹಲ್ಲುಜ್ಜಿ ಸ್ನಾನ ಮಾಡಿ ಫ್ರೆಶ್ ಆಗಿದ್ದರೂ, ಇನ್ನೂ 90. ಅದು 30ಕ್ಕೆ ಬರುವಷ್ಟರಲ್ಲಿ ಗಂಟೆ 9.