ಚುನಾವಣಾ ಆಯುಕ್ತರನ್ನು ನೇಮಿಸೋದು ಯಾರು? ಹಳೇ ಜಗಳದ ಹಿನ್ನೆಲೆ

ಚುನಾವಣಾ ಆಯೋಗದ ಸುತ್ತ ಈಗ ಎಷ್ಟು ವಾದ ನಡೆದಿದೆ ಅಂದರೆ ಯಾವುದು ತೀರ್ಪು, ಯಾವುದು ಕಾಯ್ದೆ ಅಂತಲೇ ತಿಳಿಯುವುದಿಲ್ಲ. ಆದರೆ ಗಂಟು ಇರುವುದು ಒಂದೇ ಕಡೆ. ಆಯುಕ್ತರನ್ನು ನೇಮಿಸುವವರು ಯಾರು?

ಈ ಪ್ರಶ್ನೆ 1949ರ ಜೂನ್‌ನಲ್ಲೇ ಸಂವಿಧಾನ ಸಭೆಯಲ್ಲಿ ಎದ್ದಿತ್ತು. ಆಯುಕ್ತರನ್ನು ತೆಗೆಯೋದನ್ನು ಕಷ್ಟ ಮಾಡಿದಿರಿ ಸರಿ, ಪ್ರಧಾನಿ ತಮ್ಮ ಕಡೆಯವರನ್ನೇ ಕೂರಿಸಿದರೆ? ನೇಮಕಕ್ಕೆ ಸಂಸತ್ತಿನ ಮೂರನೇ ಎರಡರಷ್ಟು ಒಪ್ಪಿಗೆ ಬೇಕು ಎಂದರು ಸಭೆಯ ಸದಸ್ಯ ಶಿಬ್ಬನ್ ಲಾಲ್ ಸಕ್ಸೇನಾ. ಆತಂಕದಲ್ಲಿ ಹುರುಳಿದೆ ಅಂತ ಅಂಬೇಡ್ಕರ್ ಕೂಡ ಒಪ್ಪಿದರು. ಕೊನೆಗೆ 324ನೇ ವಿಧಿಯಲ್ಲಿ ಬರೆದದ್ದು ಇಷ್ಟು: ರಾಷ್ಟ್ರಪತಿ ನೇಮಿಸಲಿ, ಸಂಸತ್ತು ಕಾನೂನು ಮಾಡಿದರೆ ಅದರಂತೆ ನಡೆಯಲಿ. ರಾಷ್ಟ್ರಪತಿ ನಡೆಯುವುದು ಸಚಿವ ಸಂಪುಟದ ಸಲಹೆಯಂತೆ, ಹಾಗಾಗಿ ರಾಷ್ಟ್ರಪತಿ ಅಂದರೆ ಇಲ್ಲಿ ಸರ್ಕಾರ ಅಂತಲೇ ಅರ್ಥ, ಅಲ್ವಾ?

1950ರ ಜನವರಿ 25ಕ್ಕೆ ಆಯೋಗ ಶುರುವಾಯಿತು. ಸುಕುಮಾರ್ ಸೇನ್ ಅವರಿಂದ ಹಿಡಿದು ಸುಮಾರು 40 ವರ್ಷ ಒಬ್ಬರೇ ಆಯುಕ್ತರು.

ನಿಜವಾದ ಗಲಾಟೆ ಶುರುವಾಗಿದ್ದು 1989ರಲ್ಲಿ. ಲೋಕಸಭೆ ಚುನಾವಣೆ ಹೊಸ್ತಿಲಲ್ಲಿದ್ದಾಗ, ಅಕ್ಟೋಬರ್ 16ರಂದು, ಇನ್ನಿಬ್ಬರು ಆಯುಕ್ತರು ಬಂದರು. ಸರ್ಕಾರ ಬದಲಾಯಿತು, 1990ರ ಜನವರಿ 1ಕ್ಕೆ ಆ ಹುದ್ದೆಗಳೇ ರದ್ದು! ಒಬ್ಬರು ಕೋರ್ಟಿಗೆ ಹೋಗಿ ಸೋತರು. ಆದರೂ ಅದೇ ತೀರ್ಪಿನಲ್ಲಿ ಕೋರ್ಟ್, ಇಷ್ಟು ಅಧಿಕಾರ ಒಬ್ಬರ ಕೈಯಲ್ಲಿರೋದು ಒಳ್ಳೇದಲ್ಲ ಎಂದಿತು. 1990ರ ಕೊನೆಗೆ ವಿ.ಎಸ್. ರಮಾದೇವಿ (ಮುಂದೆ ನಮ್ಮ ರಾಜ್ಯಪಾಲರಾದವರು) ಕೆಲವೇ ದಿನ ಮುಖ್ಯ ಆಯುಕ್ತರ ಕುರ್ಚಿಯಲ್ಲಿದ್ದರು, ಆಮೇಲೆ ಬಂದವರು ಟಿ.ಎನ್. ಶೇಷನ್.

1993ರ ಆಗಸ್ಟ್ 2ರಂದು ಶೇಷನ್, ಆಯೋಗದ ಅಧಿಕಾರವನ್ನು ಸರ್ಕಾರ ಒಪ್ಪುವ ತನಕ ದೇಶದಲ್ಲಿ ಚುನಾವಣೆಯೇ ಇಲ್ಲ ಅಂತ ಆದೇಶ ಹೊರಡಿಸಿದರು. ಎರಡೇ ತಿಂಗಳಲ್ಲಿ ಮತ್ತಿಬ್ಬರು ಆಯುಕ್ತರು ಬಂದು ಕೂತರು. ಜೊತೆಗೆ ಬಂದ ಸುಗ್ರೀವಾಜ್ಞೆಯ ಪ್ರಕಾರ ಇನ್ನು ಮೂವರಿಗೂ ಸಮಾನ ಅಧಿಕಾರ, ಒಮ್ಮತ ಬರದಿದ್ದರೆ ಬಹುಮತದ ಮಾತೇ ನಡೆಯಬೇಕು. ಶೇಷನ್ ಅಮೆರಿಕಕ್ಕೆ ಹೋಗುವಾಗ ಹೊಣೆಯನ್ನು ಈ ಇಬ್ಬರಿಗೆ ಕೊಡದೆ ಆಯೋಗದ ಅಧಿಕಾರಿಯಾದ ಉಪ ಚುನಾವಣಾ ಆಯುಕ್ತರಿಗೆ ಒಪ್ಪಿಸಿದರು. ಅಷ್ಟರ ಮಟ್ಟಿಗೆ ಹೋಗಿತ್ತು ಮನಸ್ತಾಪ. 1995ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತ್ರಿಸದಸ್ಯ ಆಯೋಗವೇ ಸರಿ ಎಂದಿತು.

ಎಷ್ಟು ಜನ ಅನ್ನೋದು ಇತ್ಯರ್ಥವಾಯಿತು, ಯಾರು ಆರಿಸಬೇಕು ಅನ್ನೋದು ಹಾಗೇ ಉಳಿಯಿತು. ವಿರೋಧ ಪಕ್ಷದ ನಾಯಕರನ್ನೂ ಕೇಳಿ ನೇಮಿಸಿ ಅಂತ 1990ರಲ್ಲೇ ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಅಧಿಕಾರದಲ್ಲಿದ್ದ ಯಾರಿಗೂ ಅದರ ಅವಸರ ಕಾಣಲಿಲ್ಲ.

2023ರ ಮಾರ್ಚ್ 2ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂಸತ್ತು ಕಾನೂನು ಮಾಡುವ ತನಕ ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಸೇರಿ ಹೆಸರು ಸೂಚಿಸಲಿ ಎಂದಿತು. 73 ವರ್ಷ ಬಾರದಿದ್ದ ಕಾನೂನು ಅದೇ ಡಿಸೆಂಬರ್‌ನಲ್ಲಿ ಬಂತು. ಅದರಲ್ಲಿ ಮುಖ್ಯ ನ್ಯಾಯಮೂರ್ತಿಯ ಜಾಗದಲ್ಲಿರುವುದು ಪ್ರಧಾನಿಯೇ ಆರಿಸುವ ಕೇಂದ್ರ ಸಚಿವರು. ಅಂದರೆ ಮೂರರಲ್ಲಿ ಎರಡು ಮತ ಸರ್ಕಾರದ್ದು.