ಗ್ಯಾಸ್ ಬಾವಿ ಎಷ್ಟು ದೂರದಲ್ಲಿದೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಶೇಲ್ ಗ್ಯಾಸ್ (ಆಳದ ಶೇಲ್ ಬಂಡೆಯಲ್ಲಿ ಸಿಕ್ಕಿಕೊಂಡಿರುವ ನೈಸರ್ಗಿಕ ಅನಿಲ) ಪ್ರದೇಶದಲ್ಲಿ ವೈದ್ಯಕೀಯ ಪ್ರಾಕ್ಟೀಸ್ ಮಾಡುವ ನನಗೆ ರೋಗಿಗಳಿಂದ ಮೊದಲು ಬರುವುದು ನೀರಿನ ಪ್ರಶ್ನೆ. ಮನೆಯ ಬೋರ್‌ವೆಲ್ ನೀರು ಕುಡಿಯಬಹುದೇ ಎನ್ನುತ್ತಾರೆ. ನಾನು ತಿರುಗಿ ಎರಡು ವಿಷಯ ಕೇಳುತ್ತೇನೆ: ಗ್ಯಾಸ್ ಬಾವಿ ಮನೆಯಿಂದ ಎಷ್ಟು ದೂರ, ಈಗ ಅಲ್ಲಿ ಯಾವ ಕೆಲಸ ನಡೆದಿದೆ. ಇವೆರಡು ತಿಳಿಯದೆ ಕೊಡುವ ಸಲಹೆ ಊಹೆಯಷ್ಟೇ.

ಈ ಗ್ಯಾಸ್ ಇರುವ ಮಾರ್ಸೆಲಸ್ ಶೇಲ್ ಎಂಬ ಬಂಡೆಯ ಪದರ ಇಲ್ಲಿ ಬಹಳ ಕಡೆ ಒಂದೂವರೆ, ಎರಡು ಕಿಲೋಮೀಟರ್ ಆಳದಲ್ಲಿದೆ. ಅಷ್ಟು ಆಳಕ್ಕೆ ನೇರ ಕೊರೆದು, ಆಮೇಲೆ ಅಡ್ಡಕ್ಕೆ ತಿರುಗಿಸಿ, ಮರಳು ಮತ್ತು ರಾಸಾಯನಿಕ ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನು ಸೀಳುತ್ತಾರೆ. ಇದೇ ಫ್ರಾಕಿಂಗ್. ಒಂದು ಬಾವಿಗೆ ಕೋಟಿಗೂ ಮೀರಿ ಲೀಟರ್ ನೀರು ಬೇಕು. ಹಗಲೂ ರಾತ್ರಿ ಲಾರಿಗಳು ಓಡಾಡುತ್ತವೆ, ಸಾಲಾಗಿ ನಿಲ್ಲಿಸಿದ ಡೀಸೆಲ್ ಪಂಪುಗಳು ಗುಡುಗುತ್ತವೆ. ಸೀಳಿದ ಮೇಲೆ ಆ ನೀರಿನ ಒಂದಂಶ ಗ್ಯಾಸ್ ಜೊತೆ ಮೇಲಕ್ಕೆ ಬರುತ್ತದೆ. ಇದು ಫ್ಲೋಬ್ಯಾಕ್. ಕ್ಯಾನ್ಸರ್ ತರಬಲ್ಲ ಬೆಂಜೀನ್‌ನಂಥ ಆವಿಗಳು ಗಾಳಿಗೆ ಸೇರುವ ಭಯ ಹೆಚ್ಚಿರುವುದು ಆಗಲೇ. ಕೊಲೊರಾಡೊದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೂ ಅರ್ಧ ಮೈಲಿಯೊಳಗೆ ವಾಸಿಸುವವರ ಅಪಾಯಕ್ಕೆ ಮುಖ್ಯ ಕಾರಣ ಬಾವಿಯನ್ನು ಉತ್ಪಾದನೆಗೆ ಅಣಿಗೊಳಿಸುವ ಈ ಹಂತವೇ ಎಂದಿತು. ಅಂದರೆ ಬಾವಿ ತಣ್ಣಗೆ ಗ್ಯಾಸ್ ಕೊಡಲು ಶುರುಮಾಡಿ ವರ್ಷವಾದ ಮೇಲೆ ಬಂದು ರಕ್ತ ಪರೀಕ್ಷೆ ಮಾಡಿಸಿ ಎಂದರೆ ನನಗೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಬೆಂಜೀನ್ ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ. ದೇಹದಲ್ಲಿನ ವಿಷ ಪತ್ತೆಹಚ್ಚುತ್ತೇವೆಂದು ದುಬಾರಿ 'ಟಾಕ್ಸಿನ್ ಪ್ಯಾನೆಲ್' ಪರೀಕ್ಷೆ ಮಾರುವವರು ಈ ಮಾತು ಹೇಳುವುದಿಲ್ಲ.

ನೀರಿನ ಭಯವೂ ಸುಳ್ಳಲ್ಲ. ಆದರೆ ಜನ ಅಂದುಕೊಂಡ ಹಾಗೆ ಆಳದ ಸೀಳು ಮೇಲಿನ ಅಂತರ್ಜಲದವರೆಗೆ ಬರುವುದಕ್ಕಿಂತ, ಬಾವಿಯ ಕೇಸಿಂಗ್ ಪೈಪು, ಅದರ ಸುತ್ತ ಹಾಕಿದ ಸಿಮೆಂಟು ಸರಿಯಿಲ್ಲದಿರುವುದೇ ಹೆಚ್ಚಿನ ತೊಂದರೆ. ಡ್ಯೂಕ್ ವಿಶ್ವವಿದ್ಯಾಲಯದವರು 2011ರಲ್ಲಿ, ಗ್ಯಾಸ್ ಬಾವಿಗಳ ಒಂದು ಕಿಲೋಮೀಟರ್ ಒಳಗಿನ ಕುಡಿಯುವ ನೀರಿನ ಬಾವಿಗಳಲ್ಲಿ ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್, ದೂರದ ಬಾವಿಗಳಿಗಿಂತ ಸರಾಸರಿ 17 ಪಟ್ಟು ಹೆಚ್ಚಿದ್ದುದನ್ನು ವರದಿ ಮಾಡಿದರು. ನೀರಿನಲ್ಲಿ ಕರಗಿದ ಮೀಥೇನ್ ಕುಡಿದರೆ ವಿಷವೆಂದು ಗೊತ್ತಾಗಿಲ್ಲ. ಗಾಳಿಯಾಡದ ನೆಲಮಾಳಿಗೆಯಲ್ಲಿ ಅದು ತುಂಬಿಕೊಂಡರೆ ಮಾತ್ರ ಒಂದು ಕಿಡಿ ಸಾಕು.

ನನ್ನ ಮಟ್ಟಿಗೆ ಹೆಚ್ಚು ತೂಕದ ಸಾಕ್ಷ್ಯ ಗರ್ಭಿಣಿಯರದ್ದು. ಪೆನ್ಸಿಲ್ವೇನಿಯಾದಲ್ಲಿ 2004ರಿಂದ 2013ರವರೆಗಿನ 11 ಲಕ್ಷ ಹೆರಿಗೆಗಳನ್ನು ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಬಾವಿಯಿಂದ ಒಂದು ಕಿಲೋಮೀಟರ್ ಒಳಗಿದ್ದ ತಾಯಂದಿರಿಗೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಶೇ. 25ರಷ್ಟು ಏರಿತ್ತು. ಮೂರು ಕಿಲೋಮೀಟರ್ ದಾಟಿದರೆ ಪರಿಣಾಮ ಕಾಣಲಿಲ್ಲ. ಒಬ್ಬಳೇ ತಾಯಿಗೆ ಬೇರೆ ಬೇರೆ ಸಮಯದಲ್ಲಿ ಹುಟ್ಟಿದ ಮಕ್ಕಳನ್ನೂ ಹೋಲಿಸಿ ನೋಡಿದ್ದರಿಂದ, ಬಡವರೇ ಬಾವಿಯ ಪಕ್ಕ ಇರುತ್ತಾರೆ ಎನ್ನುವ ವಾದ ಇಲ್ಲಿ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಶೇ. 25 ಎಂದ ಕೂಡಲೇ ಬೆಚ್ಚುವವರಿಗೆ ನಾನು ಹೀಗೆ ಬಿಡಿಸಿ ಹೇಳುತ್ತೇನೆ: ನೂರಕ್ಕೆ ಎಂಟು ಮಕ್ಕಳು ಕಡಿಮೆ ತೂಕದವರಾಗಿ ಹುಟ್ಟುವ ಕಡೆ ಹತ್ತು ಹುಟ್ಟುತ್ತವೆ. ನಿಮ್ಮ ಮಗು ಆ ಹೆಚ್ಚುವರಿ ಎರಡರಲ್ಲಿ ಒಂದೇ ಎಂದು ಯಾವ ವೈದ್ಯರೂ ಹೇಳಲಾರರು. ಆದರೆ ಊರಿಗೆ ಊರನ್ನೇ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಎರಡು ಸಣ್ಣ ಸಂಖ್ಯೆಯಲ್ಲ.

ಅಸ್ತಮಾದ ಕಥೆಯೂ ಹತ್ತಿರ ಹತ್ತಿರ ಇದೇ. ಕ್ಯಾನ್ಸರ್ ವಿಷಯ ಇನ್ನೂ ಗೊಂದಲದಲ್ಲಿದೆ. ಯೇಲ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಬಾವಿಗಳ ಎರಡು ಕಿಲೋಮೀಟರ್ ಒಳಗಿನ ಮಕ್ಕಳಲ್ಲಿ ಒಂದು ಬಗೆಯ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಸುಮಾರು ಎರಡು ಪಟ್ಟು ಕಂಡಿತು. ಮರುವರ್ಷ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವರದಿಯಲ್ಲಿ ಲ್ಯುಕೇಮಿಯಾದ ನಂಟು ಸಿಗಲಿಲ್ಲ, ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾದ್ದು ಸಿಕ್ಕಿತು. ಎರಡೂ ಅಪರೂಪದ ಕಾಯಿಲೆಗಳು. ಅದೇ ಕಾರಣಕ್ಕೆ ಮನೆ ಮಾರಿ ಹೊರಡಿ ಎಂದು ನಾನು ಯಾರಿಗೂ ಹೇಳಿಲ್ಲ.

ಕಾನೂನಿನ ಅಳತೆಗೋಲು ಮಾತ್ರ ನನಗೆ ಅರ್ಥವಾಗದ್ದು. 2012ರ ರಾಜ್ಯ ಕಾಯಿದೆಯಂತೆ ಇಲ್ಲಿ ಬಾವಿಗೂ ಮನೆಗೂ 500 ಅಡಿ, ಅಂದರೆ ಸುಮಾರು 150 ಮೀಟರ್ ಅಂತರ ಸಾಕು. ಕೊಲೊರಾಡೊ 2020ರಲ್ಲಿ ಅದನ್ನು 2,000 ಅಡಿಗೆ ಏರಿಸಿತು. ನ್ಯೂಯಾರ್ಕ್ ಫ್ರಾಕಿಂಗನ್ನೇ ಬೇಡವೆಂದಿತು. ನಮ್ಮ ಅದೇ ಕಾಯಿದೆ, ರೋಗಿಯ ಚಿಕಿತ್ಸೆಗೆಂದು ಕಂಪನಿಯ ಗುಟ್ಟಿನ ರಾಸಾಯನಿಕದ ಹೆಸರು ಕೇಳುವ ವೈದ್ಯರು ಅದನ್ನು ಗುಟ್ಟಾಗಿಯೇ ಇಡಬೇಕೆಂಬ ಷರತ್ತನ್ನೂ ಹಾಕಿತ್ತು. ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ಅದನ್ನು ತೆಗೆದುಹಾಕಿತು.

ಬಾವಿ ಬರುತ್ತದೆಂದು ಗೊತ್ತಾದವರಿಗೆ ನನ್ನ ಮೊದಲ ಸಲಹೆ: ಕೊರೆಯುವ ಮುಂಚೆಯೇ ಮಾನ್ಯತೆ ಪಡೆದ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ, ವರದಿ ಜೋಪಾನ ಮಾಡಿ. ಮೀಥೇನ್, ಕ್ಲೋರೈಡ್, ಬೇರಿಯಂ, ಸ್ಟ್ರಾಂಷಿಯಂ ಅದರಲ್ಲಿರಲಿ. 2,500 ಅಡಿಯೊಳಗೆ, ಕೆಲಸ ಮುಗಿದ ಹನ್ನೆರಡು ತಿಂಗಳೊಳಗೆ ನೀರು ಕೆಟ್ಟರೆ ಇಲ್ಲಿನ ಕಾನೂನು ಮೊದಲಿಗೆ ಕಂಪನಿಯನ್ನೇ ಹೊಣೆ ಎಂದು ಭಾವಿಸುತ್ತದೆ. ಹಳೆಯ ವರದಿ ಕೈಯಲ್ಲಿದ್ದರೆ ಹೋಲಿಸಿ ನೋಡುವುದು ಸುಲಭ. ಅಸ್ತಮಾ ಇದ್ದವರು ಫ್ಲೋಬ್ಯಾಕ್ ದಿನಗಳಲ್ಲಿ ಇನ್‌ಹೇಲರ್ ಕೈಗೆಟುಕುವಂತೆ ಇಟ್ಟುಕೊಳ್ಳಿ, ವಾಸನೆ ಬಂದ ದಿನ, ಹೊತ್ತು, ಗಾಳಿ ಬೀಸಿದ ದಿಕ್ಕು ಬರೆದಿಡಿ. ಮನೆಯವರು ಯಾರಾದರೂ ಆ ಸೈಟಿನಲ್ಲೇ ಮರಳು ಸುರಿಯುವ ಕೆಲಸದಲ್ಲಿದ್ದರೆ ಅವರ ಬಟ್ಟೆಯಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಸಿಲಿಕಾ ದೂಳು ಇರುತ್ತದೆ. ಅದನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ.